ಗಿಡ ಏರುವವನ ಗರಗಸ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಹೊನವಾಡದಲ್ಲಿ ಜರುಗಿದ ರೈತರ ಗೋಷ್ಠಿಯಲ್ಲಿ ಮಾಡಿದ ಭಾಷಣ)



1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಒಬ್ಬನ ಕೈಲೆ ಆಗದ ಕೆಲಸವನ್ನು ಹತ್ತು ಮಂದಿ ಕೂಡಿ ಮಾಡಬೇಕು ಎಂಬ ದಾರಿಯನ್ನು ನಮ್ಮ ಭಾಗದ ರೈತರಿಗೆ ತೋರಿಸಿದರು. ಅದೇ ದಾರಿಯಲ್ಲಿ ನಮ್ಮ ಸಂಘವೂ ಇಪ್ಪತ್ತೈದು ವರ್ಷ ನಡೆದು ಬಂದಿದೆ. ಬೆಳೆ ಸಾಲ, ಬಡ್ಡಿ, ಬೀಜ, ಗೊಬ್ಬರದ ವಿಷಯವನ್ನು ನನಗಿಂತ ತಿಳಿದವರು ಈಗಾಗಲೇ ಹೇಳಿದ್ದಾರೆ. ನಾನು ಒಂದು ಸಣ್ಣ ವಿಷಯ ತೆಗೆದುಕೊಂಡು ಬಂದಿದ್ದೇನೆ. ಗಿಡ ಏರುವವನು ಗರಗಸವನ್ನು ಹ್ಯಾಂಗ ಒಯ್ಯಬೇಕು, ಎಲ್ಲಿ ಇಟ್ಟುಕೊಳ್ಳಬೇಕು ಅನ್ನೋದು. ಕೆಲವರಿಗೆ ನಗು ಬರಬಹುದು. "ಇದನ್ನೇನ ಹೇಳತೀರಿ, ಗರಗಸ ಹೆಗಲಿಗೆ ಹಾಕ್ಕೊಂಡು ಏರಿದರಾತು" ಅನಬಹುದು. ಆದರೆ ನಮ್ಮ ಭಾಗದ ಯಾವ ಊರಿಗೆ ಹೋದರೂ ಗಿಡದಿಂದ ಬಿದ್ದು ನಡ ಮುರಕೊಂಡವನ ಮಾತು ಒಂದಾದರೂ ಕಿವಿಗೆ ಬೀಳುತ್ತದೆ. ಬಿದ್ದವನ ಮನೆಯ ಸಾಲದ ಖಾತೆ ಏನಾಗುತ್ತದೆ ಎಂಬುದು ನಮ್ಮ ಕಾರ್ಯದರ್ಶಿಗಳಿಗೆ ಗೊತ್ತು. ಆದ್ದರಿಂದ ಇದು ಸಂಘದ ವಿಷಯವೂ ಹೌದು.

ನಮ್ಮದು ಬಯಲುಸೀಮೆ. ಗಿಡ ಕಡಿಮೆ ಅಂತಾರ. ಆದರೂ ಬದುವಿನ ಮ್ಯಾಲ ಜಾಲಿ, ಬೇವು, ಬನ್ನಿ ಅದಾವ. ಹುಣಸಿ, ಮಾವು, ಊರ ಮುಂದ ಆಲ, ಅರಳಿ ಅದಾವ. ತುಬಚಿ–ಬಬಲೇಶ್ವರ ಏತ ನೀರಾವರಿ ನೀರು ಬಂದ ಮೇಲೆ ತೋಟಗಳೂ ಹೆಚ್ಚಾದವು. ನಮ್ಮ ಜಿಲ್ಲೆಯಲ್ಲಿ 2016ರಲ್ಲಿ ಕೋಟಿ ವೃಕ್ಷ ಅಭಿಯಾನ ಆರಂಭವಾಯಿತು. ಆಗ ಹಚ್ಚಿ ಉಳಿಸಿದ ಸಸಿಗಳು ಈಗ ಟೊಂಗಿ ಬಿಟ್ಟು ನಿಂತಿವೆ. ಗಿಡ ಬೆಳೆದ ಮೇಲೆ ಸವರೋದು ಬಂದೇ ಬರುತ್ತದೆ. ದ್ರಾಕ್ಷಿ ಪಡಕ್ಕೆ ನೆರಳು ಬೀಳಬಾರದು ಅಂತ ಅಕ್ಟೋಬರ್ ಚಾಟ್ನಿಗೆ ಮೊದಲು ಬದುವಿನ ಗಿಡದ ಟೊಂಗಿ ತೆಗೆಸುತ್ತೇವೆ. ಬ್ಯಾಸಿಗಿಯಲ್ಲಿ ಆಡು ಕುರಿಗೆ ತಪ್ಪಲು ಬೇಕು. ಬೇಲಿಗೆ ಮುಳ್ಳು ಬೇಕು. ಮಳೆಗಾಲದ ಗಾಳಿಗೆ ಮನಿ ಮ್ಯಾಲ ಬೀಳುವ ಟೊಂಗಿಯನ್ನು ಮೊದಲೇ ಕೊಯ್ಯಬೇಕು.

ಈ ಕೆಲಸಕ್ಕೆ ಏರುವವರು ಯಾರು? ಬಹುತೇಕ ಕೂಲಿ ಹುಡುಗರು. ಇಲ್ಲವೆ ಮನಿಯಾಗಿನ ಹರೇದ ಮಗ. ಏರೋದರಲ್ಲಿ ಅವರು ಬಲು ಜಾಣರು. ಹಾಲೋಕುಳಿಯಲ್ಲಿ ಜಾರುವ ಕಂಬವನ್ನು, ಮೇಲಿಂದ ನೀರು ಸುರಿಯುತ್ತಿದ್ದರೂ, ಏರುವ ಹುಡುಗರು ನಮ್ಮ ಜಿಲ್ಲೆಯವರೇ. ಬಾಗಲಕೋಟೆ ಕಡೆ ತುಳಸಿಗೇರಿಯಲ್ಲಿ ಮಲ್ಲಕಂಬದ ಆಟ ನೋಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಒಂದು ಮಾತು ಮನಸ್ಸಿನಲ್ಲಿ ಇರಲಿ. ಹಾಲಗಂಬ ಏರುವವನ ಕೈ ಖಾಲಿ ಇರುತ್ತದೆ, ಮಲ್ಲಕಂಬದವನ ಕೈಯೂ ಖಾಲಿ. ಗಿಡ ಸವರುವವನ ಹತ್ತಿರ ಮಾತ್ರ ಹರಿತವಾದ ಹಲ್ಲಿನ ಒಂದು ವಸ್ತು ಇರುತ್ತದೆ. ಏರುವ ಜಾಣತನ ಒಂದು, ಆಯುಧ ಹೊತ್ತು ಏರುವ ಜಾಣತನ ಇನ್ನೊಂದು. ಮೊದಲನೆಯದು ನಮಗೆ ಇದೆ. ಎರಡನೆಯದನ್ನು ನಮಗೆ ಯಾರೂ ಕುಳ್ಳಿರಿಸಿ ಕಲಿಸಿಲ್ಲ.

ಈಗ ನಾವು ಒಯ್ಯುವ ಪದ್ಧತಿ ನೋಡ್ರಿ. ಒಬ್ಬ ಗರಗಸವನ್ನು ಹೆಗಲಿಗೆ ತೂಗು ಹಾಕುತ್ತಾನೆ. ಟೊಂಗಿ ಸಂದಿಯಲ್ಲಿ ನುಸುಳುವಾಗ ಹಲ್ಲು ಕೊರಳಿಗೆ ತಾಗುತ್ತದೆ. ಇನ್ನೊಬ್ಬ ನಡಕ್ಕೆ ಸುತ್ತಿದ ವಲ್ಲಿಯಲ್ಲಿ ಸಿಗಿಸುತ್ತಾನೆ. ಬೊಡ್ಡೆಯನ್ನು ಅಪ್ಪಿ ಹಿಡಿದಾಗ ಅದು ಹೊಟ್ಟೆಗೂ ಗಿಡಕ್ಕೂ ನಡುವೆ ಬರುತ್ತದೆ. ಮತ್ತೊಬ್ಬ ಹಿಡಿಕೆಯನ್ನು ಹಲ್ಲಲ್ಲಿ ಕಚ್ಚಿ ಏರುತ್ತಾನೆ. ಕೆಲವರು ಒಂದು ಕೈಯಲ್ಲಿ ಗರಗಸ ಹಿಡಿದು, ಒಂದೇ ಕೈಲೆ ಗಿಡ ಹಿಡಿಯುತ್ತಾರೆ. ಮೇಲೆ ಮುಟ್ಟಿದ ಮೇಲೆ ಬೀಡಿ ಸೇದಲಿಕ್ಕೋ, ಬೆವರು ಒರೆಸಲಿಕ್ಕೋ ಗರಗಸವನ್ನು ಕವಲಿನಲ್ಲಿ ಸುಮ್ಮನೆ ಇಟ್ಟುಬಿಡುತ್ತಾರೆ. ಗಾಳಿ ಬಂದು ಗಿಡ ಅಲುಗಿದರೆ ಅದು ಕೆಳಗೆ. ಇಪ್ಪತ್ತು ಅಡಿ ಮೇಲಿನಿಂದ ಜಾರಿದ ಗರಗಸ ನೆಲ ಮುಟ್ಟಲು ಒಂದು ಸೆಕೆಂಡಿನ ಮೇಲೆ ತುಸು ಹೊತ್ತು ಸಾಕು. ಆಗ ಅದರ ವೇಗ ತಾಸಿಗೆ ಸುಮಾರು 40 ಕಿಲೋಮೀಟರ್. "ಏ, ಸರಿಯೋ" ಅಂತ ಕೂಗಿದ ಮಾತು ಕೆಳಗಿನವನ ಕಿವಿಗೆ ಮುಟ್ಟಿ, ಅವನು ತಲೆ ಎತ್ತಿ ನೋಡುವುದರೊಳಗೆ ಕೆಲಸ ಮುಗಿದಿರುತ್ತದೆ. ತಲೆ ಎತ್ತಿದರೆ ಮುಖಕ್ಕೇ ಬೀಳುತ್ತದೆ.

ಬೇರೆ ಕಡೆಯವರು ಇದಕ್ಕೆ ಏನು ಮಾಡಿದ್ದಾರೆ ಎಂಬುದನ್ನು ತುಸು ನೋಡೋಣ. ಕೊಡಗಿನವರು ಓಡಿಕತ್ತಿಯನ್ನು ಕೈಯಲ್ಲಿ ಹಿಡಿದು ತಿರುಗುತ್ತಿರಲಿಲ್ಲ. ನಡದ ಹಿಂದೆ ತೊಡಂಗ್ ಎಂಬ ಲೋಹದ ಹಿಡಿಕೆಯಲ್ಲಿ ಸಿಗಿಸುತ್ತಿದ್ದರು. ಮಲೆನಾಡಿನ ರೈತರೂ ನಡಕ್ಕೆ ಕಟ್ಟಿದ ಕೊಕ್ಕೆಯಲ್ಲಿ ಕತ್ತಿ ತೂಗು ಹಾಕಿಕೊಂಡೇ ಕಾಡಿಗೆ, ತೋಟಕ್ಕೆ ಹೋಗುತ್ತಾರೆ. ಅಲ್ಲಿಯ ಮಂದಿ ಕತ್ತಿಗೆ ಮೈಮೇಲೆ ಒಂದು ಜಾಗ ಗೊತ್ತು ಮಾಡಿದ್ದಾರೆ. ದುಡಿಯುವಾಗ ಕೈಯಲ್ಲಿ, ಇಲ್ಲದಿದ್ದರೆ ಕೊಕ್ಕೆಯಲ್ಲಿ. ಮೂರನೆಯ ಜಾಗ ಇಲ್ಲ.

ಏರುವುದನ್ನು ಕಲಿಸುವ ಕೆಲಸವೂ ನಡೆದಿದೆ. ತೆಂಗು ಅಭಿವೃದ್ಧಿ ಮಂಡಳಿಯವರು 2011ರಿಂದ ಯಂತ್ರದ ಸಹಾಯದಿಂದ ತೆಂಗಿನ ಮರ ಏರುವ ತರಬೇತಿ ಆರಂಭಿಸಿದರು. 2018ರಲ್ಲಿ ದಕ್ಷಿಣ ಕನ್ನಡದ ವಿಟ್ಲದಲ್ಲಿ ಅಡಿಕೆ ಮರ ಏರುವ ಯುವಕರಿಗೆ ಶಿಬಿರ ನಡೆಯಿತು. ಅದರಲ್ಲಿ ಕ್ಯಾಂಪ್ಕೋ ಸಂಸ್ಥೆಯೂ ಕೈಗೂಡಿಸಿತ್ತು. ಕ್ಯಾಂಪ್ಕೋ ಎಂದರೆ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ರೈತರ ಸಹಕಾರ ಸಂಸ್ಥೆ. ಫಸಲು ಕೊಳ್ಳುವುದಷ್ಟೇ ಅಲ್ಲ, ಫಸಲು ಇಳಿಸುವವನ ಮೈ ಕಾಯುವುದೂ ಸಹಕಾರದ ಕೆಲಸ ಎಂದು ಅವರು ತಿಳಿದರು. ಅಡಿಕೆ, ತೆಂಗು ನೆಟ್ಟಗೆ ಬೆಳೆಯುವ ಮರಗಳು. ಅವಕ್ಕೆ ಬಂದ ಯಂತ್ರ ನಮ್ಮ ಬೇವು, ಹುಣಸಿಗೆ ನಡೆಯುವುದಿಲ್ಲ. ಟೊಂಗಿ ಟೊಂಗಿ ಹಿಡಿದೇ ಏರಬೇಕು. ಆದ್ದರಿಂದ ನಮಗೆ ಯಂತ್ರಕ್ಕಿಂತ ಪದ್ಧತಿ ಮುಖ್ಯ.

ಆ ಪದ್ಧತಿಯನ್ನು ಸ್ಪರ್ಧೆ ಮಾಡಿ ಕಲಿಸಿದವರು ಅಮೆರಿಕಾದವರು. ಅಲ್ಲಿ ಊರ ಗಿಡಗಳನ್ನು ಸವರುವುದೇ ಒಂದು ಉದ್ಯೋಗ. ಆ ಕಸಬಿನವರ ಸಂಘವೊಂದು 1976ರಲ್ಲಿ ಸೇಂಟ್ ಲೂಯಿಸ್ ಪಟ್ಟಣದಲ್ಲಿ ಗಿಡ ಏರುವ ಸ್ಪರ್ಧೆ ಆರಂಭಿಸಿತು. ಇಂದು ಹಲವು ದೇಶದವರು ಅದರಲ್ಲಿ ಭಾಗವಹಿಸುತ್ತಾರೆ. ಬರೇ ಲಗೂನೆ ಏರಿದವನಿಗೆ ಬಹುಮಾನ ಅಲ್ಲ. ಒಂದು ಸುತ್ತಿನಲ್ಲಿ ಗಿಡದ ಬೇರೆ ಬೇರೆ ಟೊಂಗಿಗೆ ಗಂಟೆ ಕಟ್ಟಿರುತ್ತಾರೆ. ಹಗ್ಗದ ಆಧಾರದಲ್ಲಿ ಅಲ್ಲಿಗೆ ಹೋಗಿ ಒಂದು ಗಂಟೆಯನ್ನು ಕೈಗರಗಸದಿಂದಲೇ ಬಾರಿಸಬೇಕು. ಅಂದರೆ ಒರೆಯಿಂದ ಗರಗಸ ತೆಗೆಯಬೇಕು, ಗಂಟೆ ಮುಟ್ಟಬೇಕು, ತಿರುಗಿ ಒರೆಗೆ ಹಾಕಿ ಮುಂದಿನ ಟೊಂಗಿಗೆ ನಡೆಯಬೇಕು. ಏರುವವನು ಸಾಮಾನು ಕೆಳಗೆ ಕೆಡವದೆ, ಮೈ ಹಗ್ಗ ಜೋಪಾನ ಮಾಡಿಕೊಂಡು ಕೆಲಸ ಮಾಡುತ್ತಾನೋ ಇಲ್ಲೋ ಅಂತ ತೀರ್ಪುಗಾರರು ಕೆಳಗಿನಿಂದ ನೋಡುತ್ತಿರುತ್ತಾರೆ. ಇನ್ನೊಂದು ಸುತ್ತಿನಲ್ಲಿ ಗಿಡದ ಮೇಲೆ ಗಾಯಗೊಂಡವನನ್ನು ಹೊತ್ತಿನೊಳಗೆ ಕೆಳಗೆ ಇಳಿಸಿ ತೋರಿಸಬೇಕು. ಅದು ಆಟ ಹೌದು, ಆದರೆ ದಿನದ ಕಸುಬನ್ನು ತಿದ್ದುವ ಆಟ.

ಇದರಿಂದ ನಾವು ಕಲಿಯಬೇಕಾದ್ದು ಇಷ್ಟೇ: ಗರಗಸಕ್ಕೂ ಒಂದು ಮನಿ ಇರಬೇಕು. ಆ ಮನಿ ಅಂದರೆ ಒರೆ. ಏರುವಾಗ, ಇಳಿಯುವಾಗ, ಒಂದು ಟೊಂಗಿಯಿಂದ ಇನ್ನೊಂದಕ್ಕೆ ಸರಿಯುವಾಗ ಗರಗಸ ಒರೆಯೊಳಗೇ ಇರಬೇಕು. ಎರಡೂ ಕೈ ಗಿಡಕ್ಕೆ ಬೇಕು.

ಇನ್ನು ಇದನ್ನು ನಮ್ಮ ಊರಲ್ಲಿ ಮಾಡುವುದು ಹ್ಯಾಂಗ ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಗರಗಸ ಯಾವುದು ಎಂಬುದು. ಬಡಿಗ್ಯಾರ ಗರಗಸ ಸಾಮಾನ್ಯವಾಗಿ ಮುಂದಕ್ಕೆ ದೂಡುವಾಗ ಕೊಯ್ಯುತ್ತದೆ. ಅದು ಒಣ ಕಟ್ಟಿಗೆಗೆ, ನೆಲದ ಮೇಲೆ ಕಾಲು ಊರಿ ನಿಂತವನಿಗೆ ಸರಿ. ಹಸಿ ಟೊಂಗಿಗೆ ತುಸು ಬಾಗಿದ, ಹಿಂದಕ್ಕೆ ಎಳೆಯುವಾಗ ಕೊಯ್ಯುವ ಗರಗಸ ಬರುತ್ತದೆ. ಒಂದು ಅಡಿಯಷ್ಟು ಉದ್ದದ ಅಲಗು ಸಾಕು. ಎಳೆದು ಕೊಯ್ಯುವುದರಿಂದ ಅಲಗು ಮಣಿಯುವುದಿಲ್ಲ, ಮೈ ಮುಂದಕ್ಕೆ ಜೋಲಿ ಹೊಡೆಯುವುದಿಲ್ಲ. ಮಡಚುವ ಗರಗಸವೂ ಸಿಗುತ್ತದೆ. ಕೊಳ್ಳುವಾಗ ಅದರ ಚಿಲಕ ಗಟ್ಟಿ ಇದೆಯೋ ಇಲ್ಲೋ ಒತ್ತಿ ನೋಡಬೇಕು. ಸಡಿಲ ಚಿಲಕದ ಗರಗಸ ಬೆರಳ ಮೇಲೇ ಮಡಚಿಕೊಳ್ಳುತ್ತದೆ.

ಎರಡನೆಯದು ಒರೆ. ಬಾಗಿದ ಗರಗಸದ ಜೊತೆಗೆ ಒರೆ ಬರುತ್ತದೆ. ಅದನ್ನು ಅಂಗಡಿಯಲ್ಲೇ ಬಿಟ್ಟು ಬರಬ್ಯಾಡ್ರಿ. ಒರೆ ಇಲ್ಲದಿದ್ದರೆ ಸಮಗಾರ ಹತ್ತಿರ ಚರ್ಮದ್ದೋ, ದಪ್ಪ ಕ್ಯಾನ್ವಾಸಿನದ್ದೋ ಹೊಲಿಸಬಹುದು. ಹಲ್ಲಿನ ಬದಿಗೆ ಬರೇ ಹೊಲಿಗೆ ಹಾಕಿಸಿದರೆ ನಾಲ್ಕು ದಿನಕ್ಕೆ ದಾರ ಕೊಯ್ದು ಹೋಗುತ್ತದೆ. ಆ ಬದಿಗೆ ಒಳಗೆ ಒಂದು ಚರ್ಮದ ಪಟ್ಟಿ ಇಟ್ಟು ರಿವಿಟ್ ಹೊಡೆಸಬೇಕು. ಒರೆ ಅಲಗಿಗಿಂತ ಎರಡು ಬೆರಳು ಉದ್ದ ಇರಲಿ. ಬುಡದಲ್ಲಿ ಸಣ್ಣ ತೂತು ಇರಲಿ, ಹೊಟ್ಟು ಮತ್ತು ನೀರು ಇಳಿದು ಹೋಗುತ್ತದೆ. ಬಾಯಿಯ ಹತ್ತಿರ ಹಿಡಿಕೆಯ ಮೇಲೆ ಬರುವ ಹಾಗೆ ಒಂದು ಗುಂಡಿಯ ಪಟ್ಟಿ ಇರಲಿ, ಬಗ್ಗಿದರೂ ಗರಗಸ ಜಾರುವುದಿಲ್ಲ. ನೆಟ್ಟನೆಯ ಗರಗಸಕ್ಕೆ ಇನ್ನೂ ಸಸಾರದ ಉಪಾಯ ಇದೆ. ದ್ರಾಕ್ಷಿ ತೋಟದಾಗ ಹಳೆಯ ಡ್ರಿಪ್ ಪೈಪು ಬಿದ್ದಿರುತ್ತದೆ. 16 ಮಿಲಿಮೀಟರಿನ ಪೈಪನ್ನು ಉದ್ದಕ್ಕೆ ಸೀಳಿ ಹಲ್ಲಿನ ಮೇಲೆ ಕೂಡಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಎರಡು ಕಡೆ ಬಿಗಿದರೆ ಹಲ್ಲು ಮುಚ್ಚಿತು. ಖರ್ಚು ಏನೂ ಇಲ್ಲ. ಆದರೆ ಇದು ಹಲ್ಲಿಗೆ ಮುಚ್ಚಳ ಅಷ್ಟೇ. ಇಂಥ ಗರಗಸವನ್ನು ನಡಕ್ಕೆ ಕಟ್ಟಬಾರದು, ಹಗ್ಗದಿಂದಲೇ ಮೇಲೆ ಎಳೆದುಕೊಳ್ಳಬೇಕು. ಕೊಯ್ದಾದ ಮೇಲೆ ಮತ್ತೆ ಮುಚ್ಚಳ ಬಿಗಿದು ಹಗ್ಗದಿಂದಲೇ ಇಳಿಸಬೇಕು.

ಮೂರನೆಯದು, ಒರೆ ಕಟ್ಟುವ ಜಾಗ. ಮುಂದೆ ಕಟ್ಟಬಾರದು, ಬೊಡ್ಡೆ ಅಪ್ಪಲು ಅಡ್ಡ ಬರುತ್ತದೆ. ನಟ್ಟನಡುವೆ ಬೆನ್ನ ಹುರಿಯ ಮೇಲೆಯೂ ಬ್ಯಾಡ, ಬಿದ್ದರೆ ಅದರ ಮೇಲೇ ಬೀಳುತ್ತೇವೆ. ಟೊಂಕದ ಹೊರಬದಿಗೆ, ತುಸು ಹಿಂದಕ್ಕೆ ಕಟ್ಟಬೇಕು. ಕೆಳತುದಿಯನ್ನು ತೊಡೆಗೆ ಇನ್ನೊಂದು ಪಟ್ಟಿಯಿಂದ ಬಿಗಿಯಬೇಕು. ಇಲ್ಲದಿದ್ದರೆ ತೂಗಾಡಿ ಟೊಂಗಿಗೆ ಸಿಗುತ್ತದೆ. ಹಲ್ಲಿನ ಬದಿ ಹಿಂದಕ್ಕೆ ಇರಲಿ. ಏರುವ ಮೊದಲು ನೆಲದ ಮೇಲೆ ನಿಂತು, ಕಣ್ಣು ಮುಚ್ಚಿ ನಾಲ್ಕು ಸಲ ತೆಗೆದು ಹಾಕಿ ನೋಡಬೇಕು. ಕಣ್ಣು ಮುಚ್ಚಿ ಯಾಕಂದರೆ, ಮ್ಯಾಲ ಹೋದ ಮ್ಯಾಲ ಕಣ್ಣು ಟೊಂಗಿ ಮ್ಯಾಲ ಇರಬೇಕು, ಟೊಂಕದ ಮ್ಯಾಲ ಅಲ್ಲ.

ನಾಲ್ಕನೆಯದು ದಾರ. ಹಿಡಿಕೆಯ ತೂತಿಗೆ ಒಂದು ದಾರ ಪೋಣಿಸಿ ನಡಪಟ್ಟಿಗೆ ಕಟ್ಟಬೇಕು. ಕೈ ಜಾರಿದರೂ ಗರಗಸ ನೆಲಕ್ಕೆ ಬೀಳುವುದಿಲ್ಲ. ತೋಳು ಚಾಚಿದಷ್ಟು ಉದ್ದ ಸಾಕು. ಇಲ್ಲಿ ಎರಡು ಎಚ್ಚರಿಕೆ. ದಾರವನ್ನು ಮುಂಗೈಗೆ ಎಂದೂ ಕಟ್ಟಬಾರದು. ಗರಗಸ ಟೊಂಗಿಯಲ್ಲಿ ಕಚ್ಚಿಕೊಂಡಾಗ ಆ ಟೊಂಗಿ ಮುರಿದು ಬಿದ್ದರೆ, ಗರಗಸದ ಹಿಂದೆ ಕೈ, ಕೈಯ ಹಿಂದೆ ಮನುಷ್ಯ. ಹಾಗೆಯೇ ದಾರ ಬಹಳ ಗಟ್ಟಿ ಇರಬಾರದು. ಗರಗಸದ ಭಾರ ತಡೆಯುವಷ್ಟು ಗಟ್ಟಿ, ಮನುಷ್ಯನನ್ನು ಜಗ್ಗಿದರೆ ಹರಿಯುವಷ್ಟು ತೆಳು ಇರಬೇಕು. ನೈಲಾನ್ ಕಣ್ಣಿ ಬ್ಯಾಡ, ಚೀಲ ಹೊಲಿಯುವ ದಾರ ಎರಡೆಳೆ ಹೊಸೆದರೆ ಸಾಕು.

ಐದನೆಯದು ಎಲ್ಲಕ್ಕಿಂತ ಸುಲಭ. ಒರೆ ಕಟ್ಟಿಕೊಂಡು ಏರುವ ರೂಢಿ ಇಲ್ಲದವನು ಖಾಲಿ ಕೈಲೆ ಏರಲಿ. ನಡಕ್ಕೆ ಒಂದು ತೆಳು ಹಗ್ಗದ ತುದಿ ಇರಲಿ. ಮೇಲೆ ಹೋಗಿ, ಗಟ್ಟಿ ಕವಲಿನಲ್ಲಿ ಕುಳಿತು, ಮೈ ಬಿಗಿದುಕೊಂಡ ಮೇಲೆ ಕೆಳಗಿನವನು ಒರೆಯೊಳಗಿನ ಗರಗಸವನ್ನು ಹಗ್ಗಕ್ಕೆ ಕಟ್ಟಲಿ. ಕಟ್ಟಿ ದೂರ ಸರಿದ ಮೇಲೆ ಎಳೆದುಕೊಳ್ಳಲಿ. ಇಳಿಯುವಾಗಲೂ ಮೊದಲು ಗರಗಸ ಹಗ್ಗದಿಂದ ಇಳಿಯಲಿ, ಆ ಮೇಲೆ ಮನುಷ್ಯ. ಗರಗಸವನ್ನು ಮೇಲಕ್ಕೆ ಒಗೆಯುವುದು, ಕೆಳಗೆ ಒಗೆಯುವುದು ಇವತ್ತಿನಿಂದ ಬಂದ್ ಆಗಬೇಕು.

ಇನ್ನು ಮೈ ಬಿಗಿಯುವ ಹಗ್ಗದ ಮಾತು. ನಡಕ್ಕೆ ಬರೇ ಒಂದು ಮಿಣಿ ಕಟ್ಟಿಕೊಂಡು ಬಿದ್ದರೆ ಹೊಟ್ಟೆ, ಪಕ್ಕೆಲುಬಿಗೆ ಪೆಟ್ಟು. ತೊಡೆ, ಹೆಗಲು ಎಲ್ಲಾ ಸುತ್ತುವ ಸುರಕ್ಷಾ ಬೆಲ್ಟ್ ಪೇಟೆಯಲ್ಲಿ ಸಿಗುತ್ತದೆ. ಐ.ಎಸ್. 3521 ಎಂಬ ಗುರುತು ನೋಡಿ ಕೊಳ್ಳಬೇಕು. ಅದರ ಹಗ್ಗವನ್ನು ತಲೆಯ ಮೇಲಿನ ಗಟ್ಟಿ ಕವಲಿಗೆ, ಸಡಿಲು ಬಿಡದೆ ಕಟ್ಟಬೇಕು. ಆದರೆ ಇದನ್ನು ಮರೆಯಬ್ಯಾಡ್ರಿ: ನಮ್ಮನ್ನು ಕಾಯುವ ಹಗ್ಗಕ್ಕೆ ದೊಡ್ಡ ವೈರಿ ನಮ್ಮದೇ ಗರಗಸ. ಸಡಿಲಾದ ಹಗ್ಗ ಕೊಯ್ಯಲು ಹೊತ್ತು ಹಿಡಿಯುತ್ತದೆ. ಮನುಷ್ಯನ ಭಾರ ಬಿದ್ದು ಬಿಗಿಯಾದ ಹಗ್ಗಕ್ಕೆ ಹಲ್ಲು ತಾಗಿದರೆ ಸಾಕು, ಹರಿದೇ ಹೋಗುತ್ತದೆ. ಅದಕ್ಕೇ ಪ್ರತಿ ಸಲ ಗರಗಸ ಒರೆಯಿಂದ ತೆಗೆಯುವ ಮೊದಲು "ನನ್ನ ಹಗ್ಗ ಎಲ್ಲೈತಿ?" ಅಂತ ನೋಡಬೇಕು. ಕೊಯ್ಯುವಾಗ ಇನ್ನೊಂದು ಗಿಡ್ಡ ಹಗ್ಗ ಬೊಡ್ಡೆಗೆ ಸುತ್ತಿರಬೇಕು. ಒಂದು ಹೋದರೂ ಇನ್ನೊಂದು ಉಳಿಯುತ್ತದೆ.

ಕೂತ ಟೊಂಗಿಯನ್ನೇ ಕಡಿದ ಕಾಳಿದಾಸನ ಕಥೆ ಮಕ್ಕಳಿಗೂ ಗೊತ್ತು. ಹಾಗೆ ಯಾರೂ ಕಡಿಯುವುದಿಲ್ಲ. ಆದರೆ ಮೇಲಿನಿಂದ ಒಂದೇ ಸಮ ಕೊಯ್ದು, ಟೊಂಗಿ ಅರ್ಧಕ್ಕೆ ಸೀಳಿ, ಸಿಪ್ಪೆ ಸಮೇತ ಬೊಡ್ಡೆಗೆ ಜೋತು ಬಿದ್ದು ಏರಿದವನನ್ನು ಬಡಿಯುವುದು ಉಂಟು. ಅದಕ್ಕೆ ಮೂರು ಕೊಯ್ತ ಹಾಕಬೇಕು. ಮೊದಲು ಬೊಡ್ಡೆಯಿಂದ ಒಂದು ಅಡಿ ಆಚೆ, ಟೊಂಗಿಯ ಕೆಳಬದಿಯಿಂದ ಮೂರರಲ್ಲಿ ಒಂದು ಪಾಲು. ಎರಡನೆಯದು ಅದಕ್ಕಿಂತ ನಾಲ್ಕು ಬೆರಳು ಆಚೆ, ಮೇಲಿನಿಂದ. ಭಾರವಾದ ಟೊಂಗಿ ಬಿದ್ದ ಮೇಲೆ ಉಳಿದ ತುಂಡನ್ನು, ಬೊಡ್ಡೆಯ ಹತ್ತಿರದ ಉಬ್ಬಿಗೆ ಪೆಟ್ಟಾಗದಂತೆ ಕೊಯ್ಯುವುದು ಮೂರನೆಯದು. ಆ ಉಬ್ಬು ಉಳಿದರೆ ಗಿಡದ ಗಾಯ ತಾನೇ ಮುಚ್ಚುತ್ತದೆ. ಎರಡನೆಯ ಕೊಯ್ತ ಮುಗಿಯುತ್ತ ಬಂದಾಗ ಟೊಂಗಿ ಚಟ್ ಅನ್ನುತ್ತದೆ. ಆಗಲೇ ಗರಗಸ ಹೊರಗೆ ತೆಗೆಯಬೇಕು. ಕೊನೆಯ ಎಳೆಗೆ ಆಶೆಪಟ್ಟರೆ ಗರಗಸವೂ ಟೊಂಗಿಯ ಜೊತೆಗೇ ಹೋಗುತ್ತದೆ. ಬೇವಿನ ಅಂಟು ಹಲ್ಲಿಗೆ ಹತ್ತಿದರೆ ಗರಗಸ ಒರೆಯೊಳಗೆ ಬಿಗಿಯುತ್ತದೆ. ಸಂಜೆ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಇಡಬೇಕು. ಪೆಟ್ರೋಲ್ ಗರಗಸವಂತೂ ತರಬೇತಿ ಇಲ್ಲದವನು ಗಿಡದ ಮೇಲೆ ಒಯ್ಯಲೇಬಾರದು.

ಏರದೆ ಆಗುವ ಕೆಲಸಕ್ಕೆ ಏರಬಾರದು. ಕುರಿಗಾರರು ಗಳಕ್ಕೆ ಕುಡಗೋಲು ಕಟ್ಟಿ ನೆಲದ ಮೇಲೆ ನಿಂತೇ ತಪ್ಪಲು ಇಳಿಸುತ್ತಾರೆ. ಅದು ಜಾಣತನ. ಗಳಕ್ಕೆ ಕಟ್ಟುವ ಗರಗಸವೂ ಬಂದಿದೆ. ಆದರೆ ಮೇಲೆ ಲೈಟಿನ ತಂತಿ ಇದ್ದರೆ ಗಳವೂ ಬೇಡ, ಏರುವುದೂ ಬೇಡ. ಹಸಿ ಬಿದಿರಿನಲ್ಲಿ, ಹಸಿ ಟೊಂಗಿಯಲ್ಲಿ ಕರೆಂಟ್ ಹರಿಯುತ್ತದೆ. ಹೆಸ್ಕಾಂದವರಿಗೆ 1912ಕ್ಕೆ ಫೋನ್ ಮಾಡಿ, ಲೈನ್ ಬಂದ್ ಮಾಡಿದ್ದು ಖಾತ್ರಿಯಾದ ಮೇಲೆಯೇ ಮುಂದಿನ ಕೆಲಸ. ಮತ್ತು ಒಬ್ಬನೇ ಎಂದೂ ಏರಬಾರದು. ಕೆಳಗೆ ಒಬ್ಬನು, ಟೊಂಗಿ ಬೀಳುವ ಜಾಗದಿಂದ ದೂರ, ಆಡು ಮಕ್ಕಳು ಬರದಂತೆ ಕಾಯುತ್ತ ನಿಂತಿರಬೇಕು.

ಇಷ್ಟಾದರೂ ಅಪಘಾತ ಆಯಿತು ಅನ್ರಿ. ಬಿದ್ದವನನ್ನು ಕೈ ಕಾಲು ಹಿಡಿದು ಎತ್ತಬೇಡಿ, ಕೂಡಿಸಬೇಡಿ. ನಡದ ಎಲುಬು ಮುರಿದಿದ್ದರೆ ಎತ್ತಿದ್ದರಿಂದಲೇ ಕಾಲು ಸ್ವಾಧೀನ ತಪ್ಪಬಹುದು. ಮಲಗಿದ ಹಾಗೇ ಇರಿಸಿ, ತಲೆ ಕುತ್ತಿಗೆ ಅಲುಗದಂತೆ ಹಿಡಿದು 108ಕ್ಕೆ ಫೋನ್ ಮಾಡಬೇಕು. ಗರಗಸದ ಗಾಯಕ್ಕೆ ಅರಿಷಿಣ, ಬೂದಿ ತುಂಬದೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಹಣದ ಮಾತು ಹೇಳುವುದಾದರೆ, 2003ರಲ್ಲಿ ಸಹಕಾರಿ ರೈತರಿಗಾಗಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂತು. ಸದಸ್ಯರು ಅದರಲ್ಲಿ ಹೆಸರು ಹಚ್ಚಬೇಕು. ಕೂಲಿಗೆ ಬರುವ ಹುಡುಗನಿಗೆ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ. 2022ರಿಂದ ಅದರ ಕಂತು ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಒಂದು ಗಿಡ ಸವರಿದ ಕೂಲಿಯಲ್ಲಿ 20 ರೂಪಾಯಿ ನಾವೇ ಹೆಚ್ಚಿಗೆ ಕೊಟ್ಟು "ಮೊದಲ ಇದನ್ನ ಮಾಡಿಸ್ಕೋ ತಮ್ಮಾ" ಅಂದರೆ ಯಾರ ಮನೆಯೂ ಮುಳುಗುವುದಿಲ್ಲ.

ಕೊನೆಗೆ ಆಡಳಿತ ಮಂಡಳಿಗೆ ನನ್ನ ಎರಡು ವಿನಂತಿ ಇವೆ. ಒಂದು, ಬೆಳ್ಳಿಹಬ್ಬದ ನೆನಪಿಗಾಗಿ ಸಂಘದಲ್ಲಿ ಎರಡು ಜೊತೆ ಗಿಡ ಸವರುವ ಸಾಮಾನು ಇಡಬೇಕು. ಒರೆ ಸಮೇತ ಬಾಗಿದ ಗರಗಸ, ಸುರಕ್ಷಾ ಬೆಲ್ಟ್, ಹೆಲ್ಮೆಟ್, ಎರಡು ಹಗ್ಗ, ಒಂದು ಗಳದ ಗರಗಸ. ವರ್ಷಕ್ಕೆ ಎರಡು ಸಲ ಬೇಕಾಗುವ ಈ ಸಾಮಾನು ಪ್ರತಿಯೊಬ್ಬ ರೈತ ಕೊಳ್ಳುವುದು ಆಗದ ಮಾತು. ಸಂಘ ಒಮ್ಮೆ ಕೊಂಡರೆ ಊರಿಗೆಲ್ಲಾ ಆಯಿತು. ರಜಿಸ್ಟರಿನಲ್ಲಿ ಸಹಿ ಮಾಡಿಸಿ ಅಲ್ಪ ಬಾಡಿಗೆಗೆ ಕೊಡಬೇಕು. ತಿರುಗಿ ಬಂದಾಗ ಹಗ್ಗ, ಹೊಲಿಗೆ, ರಿವಿಟ್ ಪರೀಕ್ಷೆ ಮಾಡಿಯೇ ಒಳಗೆ ಇಡಬೇಕು. ಹಲ್ಲು ತಾಗಿದ ಹಗ್ಗವನ್ನು ಆ ಕೂಡಲೇ ತೆಗೆದುಹಾಕಬೇಕು.

ಎರಡು, ನಮ್ಮ ಯುವಕರಿಗೆ ಒಂದು ಸ್ಪರ್ಧೆ ಇಡಬೇಕು. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವುದನ್ನು ನೋಡಲು ಊರಿಗೆ ಊರೇ ನೆರೆಯುತ್ತದೆ. ಬಲಕ್ಕೆ ಮರ್ಯಾದೆ ಕೊಡುವುದು ನಮಗೆ ಗೊತ್ತಿದೆ. ಜೋಪಾನಕ್ಕೂ ಒಮ್ಮೆ ಮರ್ಯಾದೆ ಕೊಟ್ಟು ನೋಡೋಣ. ತಗ್ಗಿನ ಬೇವಿನ ಗಿಡ, ಬೆಲ್ಟ್ ಕಡ್ಡಾಯ, ಟೊಂಗಿಗೆ ಎತ್ತಿನ ಕೊರಳ ಗಂಟೆ. ನೂರು ಅಂಕದಲ್ಲಿ ವೇಗಕ್ಕೆ ಇಪ್ಪತ್ತೇ ಇರಲಿ. ಉಳಿದದ್ದು ಹಗ್ಗ ಕಟ್ಟಿದ ರೀತಿಗೆ, ಗರಗಸ ತೆಗೆದು ತಿರುಗಿ ಒರೆಗೆ ಹಾಕಿದ್ದಕ್ಕೆ, ಕೆಳಗಿನವನ ಸಂಗಡ ಕೂಗಿ ಮಾತಾಡಿದ್ದಕ್ಕೆ ಇರಲಿ. ಗರಗಸ ನೆಲಕ್ಕೆ ಬಿದ್ದರೆ ಆಟ ಮುಗಿಯಿತು. ಗೆದ್ದವನಿಗೆ ಒರೆ ಸಮೇತ ಒಂದು ಹೊಸ ಗರಗಸವನ್ನೇ ಬಹುಮಾನ ಕೊಡೋಣ. ಅವನನ್ನು ನೋಡಿ ಹತ್ತು ಹುಡುಗರು ಕಲಿಯುತ್ತಾರೆ.

ಸಂಘದ ಮುಂದಿನ ಹಬ್ಬಕ್ಕೆ ಈಗ ಗಿಡ ಏರುತ್ತಿರುವ ಹುಡುಗರೆಲ್ಲ ಗಟ್ಟಿಮುಟ್ಟಾಗಿ, ತಮ್ಮ ಮಕ್ಕಳನ್ನು ಕರಕೊಂಡು ಈ ಸಭೆಗೆ ಬರಬೇಕು ಎಂಬುದೇ ನನ್ನ ಆಶೆ.